ಹಳಿಗಳ ನಡುವಿನ ಸಂದು ಎಲ್ಲಿ ಹೋಯಿತು?

ಚಳಿಗಾಲ ಬಂತೆಂದರೆ ಪತ್ರಿಕೆಗಳ ಒಳಪುಟದಲ್ಲಿ ಒಂದು ಸುದ್ದಿ ತಪ್ಪುವುದಿಲ್ಲ: ಹಳಿಯಲ್ಲಿ ಬಿರುಕು, ದಿನವೂ ಹಳಿಯುದ್ದ ನಡೆದು ನೋಡುವ ಕೀಮನ್ ಕಣ್ಣಿಗೆ ಬಿದ್ದು ತಪ್ಪಿದ ಅನಾಹುತ. ಬೇಸಿಗೆ ಬಂದರೆ ಅದೇ ಹಳಿ ಹಾವಿನಂತೆ ಸೊಟ್ಟಗಾದ ಚಿತ್ರ. ಪ್ರತಿ ಸಲವೂ ಚರ್ಚೆ ಒಂದೇ ದಾರಿ ಹಿಡಿಯುತ್ತದೆ. ಹಳಿ ಕಳಪೆಯೇ, ಬೆಸುಗೆ ಕಳಪೆಯೇ, ಯಾರಾದರೂ ಬೋಲ್ಟ್ ಬಿಚ್ಚಿದರೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು, ಎರಡು ಹಳಿಗಳು ಕೂಡುವ ಜಾಗದಲ್ಲಿ ಇಷ್ಟು ವರ್ಷ ಏನೇನು ಬದಲಾಯಿತು ಎಂಬುದನ್ನು ತಿಳಿದುಕೊಳ್ಳಬೇಕು.

1840ರ ದಶಕದವರೆಗೆ ಎರಡು ಹಳಿಗಳ ತುದಿಗಳು ‘ಕುರ್ಚಿ’ ಎಂಬ, ಹಳಿಯನ್ನು ಹಿಡಿದು ಕೂರಿಸುವ ಒಂದೇ ಎರಕದ ಆಸನದಲ್ಲಿ ಎದುರುಬದುರು ಕೂತಿರುತ್ತಿದ್ದವು. ಒಂದು ತುಸು ಕುಸಿದರೆ ಚಕ್ರ ಮೆಟ್ಟಿಲು ಹತ್ತಿದಂತೆ ಬಡಿಯುತ್ತಿತ್ತು. 1847ರಲ್ಲಿ ಇಂಗ್ಲೆಂಡಿನ ವಿಲಿಯಂ ಬ್ರಿಜಸ್ ಆ್ಯಡಮ್ಸ್ ಎರಡೂ ಪಕ್ಕಕ್ಕೆ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯುವ ಫಿಶ್‌ಪ್ಲೇಟಿಗೆ ಪೇಟೆಂಟ್ ಪಡೆದರು. ಹಡಗಿನ ಕೂವೆಮರಕ್ಕೆ ಬಲ ಕೊಡಲು ಕಟ್ಟುವ ಪಟ್ಟಿಗೆ ನಾವಿಕರು ಇಟ್ಟಿದ್ದ ಹೆಸರೇ ಇದಕ್ಕೂ ಬಂತು. 1853ರಲ್ಲಿ ಬೋರಿಬಂದರ್–ಠಾಣೆ ನಡುವೆ, 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಾಗ ಜಗತ್ತಿನ ಹಳಿಗಳೆಲ್ಲ ಇನ್ನೂ ಹೆಚ್ಚುಕಡಿಮೆ ಮೆದುಕಬ್ಬಿಣದವು. 1857ರಲ್ಲಿ ಇಂಗ್ಲೆಂಡಿನ ಡರ್ಬಿ ನಿಲ್ದಾಣದಲ್ಲಿ ಮೊದಲ ಉಕ್ಕಿನ ಹಳಿ ಹಾಕಿ ನೋಡಿದರು. ಆರು ತಿಂಗಳಿಗೊಮ್ಮೆ ಹಳಿ ಬದಲಾಯಿಸಬೇಕಿದ್ದ ಆ ಜಾಗದಲ್ಲಿ ಅದು 16 ವರ್ಷ ಬಾಳಿತು. ಮೇಲೆ ಕೆಳಗೆ ಎರಡೂ ಕಡೆ ತಲೆಯಿರುವ, ಒಂದು ಸವೆದ ಮೇಲೆ ತಿರುವಿ ಹಾಕಬಹುದಾದ ಹಳಿಯ ಕನಸೂ ಇತ್ತು. ಆದರೆ ಕೆಳಗಿನ ತಲೆ ಕುರ್ಚಿಯಲ್ಲಿ ಕೂತು ಕೂತು ತಗ್ಗು ಬೀಳುತ್ತಿದ್ದುದರಿಂದ ತಿರುವಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಉಳಿದದ್ದು ಚಪ್ಪಟೆ ಪಾದದ ಹಳಿ.

ಇಂದಿನ 60 ಕಿಲೋ ಹಳಿಯೆಂದರೆ ಮೀಟರಿಗೆ 60 ಕಿಲೋ ತೂಗುವ ಹಳಿ. ಎತ್ತರ 172 ಮಿ.ಮೀ., ಪಾದದ ಅಗಲ 150 ಮಿ.ಮೀ., ನಡುವಿನ ಸೊಂಟ ಬರೀ 16.5 ಮಿ.ಮೀ. ದಪ್ಪ. ತಲೆಯಲ್ಲಿರುವ ಲೋಹ ಸವೆಯಲೆಂದೇ ಇಟ್ಟದ್ದು. ಸೊಂಟ ಎತ್ತರ ಕೊಡುತ್ತದೆ, ಪಾದ ಭಾರ ಹರಡುತ್ತದೆ. ಎತ್ತರದ ಬೆಲೆ ಎಷ್ಟೆಂದರೆ, 52 ಕಿಲೋ ಹಳಿಗಿಂತ ಇದರ ತೂಕ ಶೇ 16ರಷ್ಟು ಮಾತ್ರ ಹೆಚ್ಚು, ಬಾಗುವಿಕೆಯನ್ನು ತಡೆಯುವ ಬಿಗುವು ಮಾತ್ರ ಶೇ 40ರಷ್ಟು ಹೆಚ್ಚು. ಹಳಿಯ ವಿನ್ಯಾಸ ಹೀಗೆ ಸುಧಾರಿಸುತ್ತಲೇ ಬಂತು. ತೊಡಕೆಲ್ಲ ಉಳಿದದ್ದು ಹಳಿ ಮುಗಿಯುವ ಜಾಗದಲ್ಲಿ.

ಫಿಶ್‌ಪ್ಲೇಟ್ ಹಳಿಯ ಸೊಂಟಕ್ಕೆ ಅಂಟಿಕೊಂಡಿರುವುದಿಲ್ಲ. ತಲೆಯ ಕೆಳಗಿನ ಇಳಿಜಾರು ಮತ್ತು ಪಾದದ ಮೇಲಿನ ಇಳಿಜಾರಿನ ನಡುವೆ ಬೆಣೆಯಂತೆ ಕೂರುತ್ತದೆ. ನಾಲ್ಕು ಬೋಲ್ಟ್ ಬಿಗಿದಷ್ಟೂ ಬೆಣೆ ಒಳಗೆ ಹೋಗುತ್ತದೆ. ಆದರೆ ಪೂರಾ ಬಿಗಿಯುವಂತಿಲ್ಲ, ಯಾಕೆಂದರೆ ಬಿಸಿಲಿಗೆ ಹಳಿ ಸರಿಯಬೇಕು. 13 ಮೀಟರ್ ಹಳಿ 40 ಡಿಗ್ರಿ ಕಾದರೆ ಸುಮಾರು 6 ಮಿ.ಮೀ. ಉದ್ದವಾಗುತ್ತದೆ. ಆ 6 ಮಿ.ಮೀ.ಗಾಗಿ ಬಿಟ್ಟ ಸಂದಿನಲ್ಲೇ ಟಕ್-ಟಕ್ ಸದ್ದು ಹುಟ್ಟುತ್ತಿದ್ದದ್ದು. ಎರಡು ಪಟ್ಟಿಗಳೂ ಸೇರಿದರೂ ಅಖಂಡ ಹಳಿಯ ಬಿಗುವು ಬರುವುದಿಲ್ಲ. ಹಾಗಾಗಿ ಪ್ರತಿ ಚಕ್ರಕ್ಕೂ ಸಂದು ಕುಸಿಯುತ್ತದೆ, ಅಡಿಯ ಜಲ್ಲಿ ಪುಡಿಯಾಗುತ್ತದೆ, ಪುಡಿ ಮಳೆನೀರಿಗೆ ಕೆಸರಾಗುತ್ತದೆ, ಕೆಸರಿನ ಮೇಲೆ ಸ್ಲೀಪರ್, ಅಂದರೆ ಹಳಿಯಡಿಯ ಅಡ್ಡದಿಮ್ಮಿ, ಇನ್ನಷ್ಟು ಕುಸಿಯುತ್ತದೆ. ಬೋಲ್ಟಿನ ತೂತಿನಿಂದ ಓರೆಯಾಗಿ ನಕ್ಷತ್ರದ ಕಾಲುಗಳಂತೆ ಬಿರುಕು ಹೊರಡುತ್ತದೆ. ತೂತಿನ ಅಂಚನ್ನು ಒತ್ತಿ ಗಟ್ಟಿಗೊಳಿಸುವ ಕೆಲಸ ಶುರುವಾದದ್ದೇ ಈ ಬಿರುಕು ತಡೆಯಲು.

ಹಾಗೆಂದು ಫಿಶ್‌ಪ್ಲೇಟಿಗೆ ಒಂದು ದೊಡ್ಡ ಗುಣವಿತ್ತು. ಅದರ ಕಾಯಿಲೆ ಹೊರಗೇ ಕಾಣುತ್ತಿತ್ತು. ಸಡಿಲವಾದ ನಟ್ಟು, ಸವೆದ ಪಟ್ಟಿ, ಮುಚ್ಚಿಹೋದ ಸಂದು ಯಾವುದಕ್ಕೂ ಯಂತ್ರ ಬೇಕಿರಲಿಲ್ಲ. ವರ್ಷಕ್ಕೊಮ್ಮೆ, ಅಕ್ಟೋಬರ್‌ನಿಂದ ಫೆಬ್ರುವರಿಯೊಳಗೆ, ಪಟ್ಟಿ ಬಿಚ್ಚಿ, ತಂತಿ ಬ್ರಷ್ಷಿನಿಂದ ಉಜ್ಜಿ, ಬಿರುಕು ನೋಡಿ, ಗ್ರ್ಯಾಫೈಟ್ ಪುಡಿ ಮತ್ತು ಸೀಮೆಎಣ್ಣೆ ಕಲಸಿ ಬಳಿದು ಮತ್ತೆ ಕೂರಿಸಬೇಕು. ಗ್ಯಾಂಗಿನ ಕೈಯಲ್ಲಿ ಸ್ಪ್ಯಾನರ್, ಕೀಮನ್ ಕೈಯಲ್ಲಿ ಸುತ್ತಿಗೆ. ಅಷ್ಟರಲ್ಲೇ ನಡೆಯುತ್ತಿದ್ದ ವ್ಯವಸ್ಥೆ.

ಆದರೆ 13 ಮೀಟರ್ ಹಳಿಯಾದರೆ ಒಂದು ಕಿಲೋಮೀಟರ್ ದಾರಿಗೆ ಇಂಥ ಸಂದುಗಳು 154. ರೈಲುಗಳ ವೇಗ, ಭಾರ ಎರಡೂ ಏರಿದಾಗ ಇಷ್ಟನ್ನು ಬಿಚ್ಚಿ ಕಟ್ಟುವುದು ಆಗದ ಮಾತಾಯಿತು. ಮೊದಲು ಮೂರು ಮೂರು ಹಳಿ ಬೆಸೆದು 39 ಮೀಟರ್ ಮಾಡಿದರು. ಆಮೇಲೆ ಕಾಂಕ್ರೀಟ್ ಸ್ಲೀಪರ್, ಸ್ಪ್ರಿಂಗ್‌ನಂತೆ ಒತ್ತಿ ಹಿಡಿಯುವ ಕ್ಲಿಪ್, ಸ್ಲೀಪರ್ ತುದಿಗಳಾಚೆಯ ಭುಜದ ತುಂಬ ಜಲ್ಲಿ, ಈ ಮೂರೂ ಸೇರಿದ ಮೇಲೆ ಕಿಲೋಮೀಟರ್‌ಗಟ್ಟಲೆ ಬೆಸೆದ ಹಳಿ, ಅಂದರೆ ಎಲ್‌ಡಬ್ಲ್ಯುಆರ್ ಬಂತು.

ಹಾಗಾದರೆ ಬಿಸಿಲಿಗೆ ಹಿಗ್ಗುವ ಆ ಉದ್ದವೆಲ್ಲ ಎಲ್ಲಿ ಹೋಯಿತು? ಎತ್ತಿನಗಾಡಿ ಚಕ್ರಕ್ಕೆ ಕಮ್ಮಾರ ಪಟ್ಟಿ ಹಾಕುವುದನ್ನು ಕಂಡವರಿಗೆ ಇದು ಬೇಗ ತಿಳಿಯುತ್ತದೆ. ಕಾದ ಪಟ್ಟಿ ತಣ್ಣಗಾದಾಗ ಕುಗ್ಗಬೇಕು, ಮರ ಬಿಡುವುದಿಲ್ಲ. ಕುಗ್ಗಲಾರದ್ದು ಬಿಗಿತವಾಗಿ ಉಳಿಯುತ್ತದೆ. ಹಳಿಯಲ್ಲೂ ಅಷ್ಟೆ. ಎರಡು ತುದಿಗಳ ಸುಮಾರು ನೂರು ನೂರು ಮೀಟರ್ ಮಾತ್ರ ಸರಿದಾಡುತ್ತದೆ, ಅಲ್ಲಿ ನಾಲಿಗೆಯಂತೆ ಒಂದರ ಪಕ್ಕ ಒಂದು ಜಾರುವ ಎಸ್‌ಇಜೆ ಎಂಬ ಜೋಡಣೆ ಇರುತ್ತದೆ. ನಡುವಿನ ಭಾಗ ಒಂದಿಂಚೂ ಅಲುಗುವುದಿಲ್ಲ. ಹಿಗ್ಗಲಾರದ ಹಿಗ್ಗು ಬಲವಾಗಿ ಒಳಗೆ ಕೂರುತ್ತದೆ. 60 ಕಿಲೋ ಹಳಿಯಲ್ಲಿ ಒಂದು ಡಿಗ್ರಿಗೆ ಸುಮಾರು 1.9 ಟನ್. 30 ಡಿಗ್ರಿ ವ್ಯತ್ಯಾಸಕ್ಕೆ ಒಂದೊಂದು ಹಳಿಯಲ್ಲೂ 57 ಟನ್. ಹಳಿ ಒಂದು ಕಿಲೋಮೀಟರ್ ಇರಲಿ, ಹತ್ತು ಇರಲಿ, ಈ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಯಾವ ತಾಪದಲ್ಲಿ ಹಳಿಯೊಳಗೆ ಬಲ ಸೊನ್ನೆಯಿರಬೇಕು ಎಂಬುದೇ ಇಡೀ ವಿನ್ಯಾಸದ ಕೀಲು. ಹಳಿ ವರ್ಷದಲ್ಲಿ 10ರಿಂದ 60 ಡಿಗ್ರಿವರೆಗೆ ಹೋಗುವ ಊರಿನಲ್ಲಿ ಸರಾಸರಿ 35. 52 ಕಿಲೋ ಮತ್ತು ಅದಕ್ಕಿಂತ ಭಾರದ ಹಳಿಗೆ ಅದರ ಮೇಲೆ 5ರಿಂದ 10 ಡಿಗ್ರಿ ಸೇರಿಸಿ, 40–45ರಲ್ಲಿ ಹಳಿಯನ್ನು ಬಿಗಿಯುತ್ತಾರೆ. ಹಳಿ ಅಷ್ಟು ಕಾಯದ ಹೊತ್ತಿನಲ್ಲಿ ಹೈಡ್ರಾಲಿಕ್ ಟೆನ್ಸರ್ ಹಾಕಿ ಅಷ್ಟೇ ಉದ್ದ ಎಳೆದು ಬಿಗಿಯುತ್ತಾರೆ. ಬಿಗಿದ ತಾಪಕ್ಕಿಂತ 20 ಡಿಗ್ರಿ ಮೇಲೇರಿದರೆ ಬಿಸಿಲಿನ ಗಸ್ತು, 30 ಡಿಗ್ರಿ ಕೆಳಗಿಳಿದರೆ ಚಳಿಯ ಗಸ್ತು. ಬೇಸಿಗೆಯ ಸೊಟ್ಟ, ಚಳಿಗಾಲದ ಬಿರುಕು ಎರಡೂ ಈ ಒಂದೇ ಅಂಕಿಯ ಎರಡು ಬದಿಗಳು.

ಇನ್ನು ಬೆಸುಗೆ. ಕಾರ್ಖಾನೆಯಲ್ಲಿ ಫ್ಲ್ಯಾಷ್ ಬಟ್ ವಿಧಾನದಲ್ಲಿ ವಿದ್ಯುತ್ತಿನಿಂದ ತುದಿಗಳನ್ನು ಕಾಯಿಸಿ ಒಂದಕ್ಕೊಂದು ಅದುಮುತ್ತಾರೆ. ಅಲ್ಲಿ ಬೇರೆ ಲೋಹ ಬೆರೆಯುವುದಿಲ್ಲ, ಆ ಬೆಸುಗೆ ಬಲು ನಂಬಿಕಸ್ತ. ಭಿಲಾಯಿ ಉಕ್ಕಿನ ಕಾರ್ಖಾನೆಯಿಂದ ಬರುವ 260 ಮೀಟರ್ ಹಳಿಗಳ ಒಳಗಿನ ಬೆಸುಗೆಗಳು ಈ ಬಗೆಯವು. ಇಂಥ ಉದ್ದ ಹಳಿ ಹಾಕಿದರೆ ಕಿಲೋಮೀಟರಿಗೆ ಸ್ಥಳದಲ್ಲಿ ಮಾಡಬೇಕಾದ ಬೆಸುಗೆ ಎಂಟಕ್ಕಿಂತ ಕಡಿಮೆ. ಆದರೆ ಆ ಕೆಲವು ಬೆಸುಗೆಗಳು, ಜೊತೆಗೆ ದುರಸ್ತಿಗೆ ಮಾಡುವವು, ಬಹುಪಾಲು ಎ.ಟಿ. (ಅಲ್ಯುಮಿನೊ-ಥರ್ಮಿಕ್) ವೆಲ್ಡ್. ಜರ್ಮನಿಯ ಹಾನ್ಸ್ ಗೋಲ್ಡ್‌ಶ್ಮಿಟ್ 1890ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಅಲ್ಯೂಮಿನಿಯಂ ಪುಡಿ ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕ ಕಿತ್ತುಕೊಂಡಾಗ ಹುಟ್ಟುವ ಶಾಖಕ್ಕೆ ಉಕ್ಕು ಕರಗಿ ಮೂಸೆಯ ತಳಕ್ಕೆ ಇಳಿಯುತ್ತದೆ, ಕಿಟ್ಟ ಮೇಲೆ ತೇಲುತ್ತದೆ.

ಹೇಳಲು ಸುಲಭ. ಮಾಡುವಾಗ ಹಳಿತುದಿಗಳ ನಡುವೆ 25 ಮಿ.ಮೀ. ಅಂತರ ಬಿಡಬೇಕು, ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಮಾತ್ರ ಸಲ್ಲುತ್ತದೆ. ತಲೆ ತಣಿಯುವಾಗ ಬೆಸುಗೆ ಕೆಳಗೆ ಕುಸಿಯುವುದರಿಂದ, ತುದಿಗಳನ್ನು ಬೆಣೆ ಕೊಟ್ಟು ಸುಮಾರು 2 ಮಿ.ಮೀ. ಎತ್ತಿ ಕೂರಿಸಬೇಕು. ಅಚ್ಚು ಕಟ್ಟಿ, ಸಂದಿಗೆ ಮರಳು ಮೆತ್ತಿ, ತುದಿಗಳನ್ನು 600 ಡಿಗ್ರಿಗೆ ಕಾಯಿಸಬೇಕು. ಆಮ್ಲಜನಕ–ಎಲ್‌ಪಿಜಿ ಬರ್ನರ್ ಆದರೆ ಎರಡೂವರೆ ನಿಮಿಷ ಸಾಕು, ಹಳೆಯ ಗಾಳಿ–ಪೆಟ್ರೋಲ್ ಬರ್ನರ್‌ಗೆ ಹತ್ತು ನಿಮಿಷ ದಾಟುತ್ತಿತ್ತು. ಇಲ್ಲಿ ಅವಸರ ಮಾಡಿದರೆ ತಲೆ ಕೆಂಪಾಗಿ ಕಾಣುತ್ತದೆ, ಪಾದ ಮಾತ್ರ ಕಾದಿರುವುದಿಲ್ಲ. ಸುರಿದ ಉಕ್ಕು ಪಾದಕ್ಕೆ ಅಂಟದೆ ಪಕ್ಕದಲ್ಲಿ ಸುಮ್ಮನೆ ಕೂರುತ್ತದೆ. ಮಿಶ್ರಣದ ಚೀಲಕ್ಕೆ ತೇವ ತಗುಲಿದ್ದರೆ ಒಳಗೆಲ್ಲ ಗಾಳಿಗುಳ್ಳೆ. ಬಿಸಿಯಿರುವಾಗಲೇ ಟೆನ್ಸರ್ ಬಿಟ್ಟರೆ ಒಳಗೇ ಹರಿಯುತ್ತದೆ. ಉಕ್ಕು ಸುರಿದು ಅರ್ಧ ಗಂಟೆಯವರೆಗೆ ಅದರ ಮೇಲೆ ರೈಲು ಹೋಗಬಾರದು. ಕೊನೆಗೆ ಒಂದು ಮೀಟರ್ ಮಟ್ಟಗೋಲು ಇಟ್ಟರೆ ಬೆಸುಗೆ ಒಂದು ಮಿಲಿಮೀಟರ್‌ವರೆಗೆ ಉಬ್ಬಿರಬಹುದು, ತಗ್ಗು ಮಾತ್ರ ಇರಲೇಬಾರದು. ತಗ್ಗಿದ ಬೆಸುಗೆಯೆಂದರೆ ಹಳೆಯ ಫಿಶ್‌ಪ್ಲೇಟ್ ಸಂದೇ ಮತ್ತೆ ಬಂದಂತೆ.

ಈ ಕೆಲಸಕ್ಕೆ ಸಿಗುವುದು ಎರಡು ರೈಲುಗಳ ನಡುವೆ ದಾರಿ ಮುಚ್ಚಿ ಕೊಡುವ ಬಿಡುವು, ಅಂದರೆ ಬ್ಲಾಕ್. ದಟ್ಟಣೆ ಏರಿದಂತೆ ಬ್ಲಾಕ್ ಕಿರಿದಾಗುತ್ತ ಬಂದಿದೆ. ಕಾಯಿಸುವ ಹೊತ್ತು, ತಣಿಯುವ ಹೊತ್ತು ಮಾತ್ರ ಕಿರಿದಾಗುವುದಿಲ್ಲ. ಬೆಸುಗೆಯ ಗುಣಮಟ್ಟದ ಮಾತು ಬಂದಾಗಲೆಲ್ಲ ಬೆಸುಗೆಗಾರನ ಕೈ ನೋಡುವುದು ರೂಢಿಯಾಗಿದೆ. ಅವನಿಗೆ ಸಿಕ್ಕ ನಿಮಿಷಗಳನ್ನೂ ಎಣಿಸಿದರೆ ಚಿತ್ರ ಪೂರ್ತಿಯಾಗುತ್ತದೆ.

ಪರೀಕ್ಷೆಗೆ ಅಲ್ಟ್ರಾಸಾನಿಕ್ ಯಂತ್ರವಿದೆ. ಆದರೆ ತಲೆಯ ಮೇಲಿಂದ ಬಿಟ್ಟ ಶಬ್ದದ ಅಲೆ 16.5 ಮಿ.ಮೀ. ಸೊಂಟದ ಮೂಲಕವೇ ಕೆಳಗಿಳಿಯಬೇಕು. ಪಾದದ ಎರಡು ರೆಕ್ಕೆಗಳು ಅದರ ನೆರಳಿನಲ್ಲಿ ಉಳಿಯುತ್ತವೆ. ಎ.ಟಿ. ಬೆಸುಗೆಯ ತಳದಲ್ಲಿ ಅರ್ಧಚಂದ್ರಾಕಾರದ ಬಿರುಕು ಹುಟ್ಟುವುದೂ ಉಂಟು. ಅದಕ್ಕೆ ಪಾದದ ಮೇಲೆ ಬೇರೆ ಕೋನದ ಪ್ರೋಬ್ ಇಟ್ಟು, ಒಂದೊಂದು ಬೆಸುಗೆಯ ಮುಂದೆಯೂ ಕೂತು ನೋಡಬೇಕು. ಇದರ ಜೊತೆಗೆ ದಶಕಗಳ ಕಾಲ ಬೋಗಿಗಳ ಶೌಚದ ನೀರು ನೇರ ಹಳಿಗೇ ಬಿದ್ದು, ಕ್ಲಿಪ್ಪಿಗೂ ಪಾದಕ್ಕೂ ನಡುವೆ ಕೂರುವ ಲೈನರ್ ಅಡಿಯಲ್ಲಿ ಪಾದದ ಅಂಚು ತುಕ್ಕು ತಿಂದಿತು. ಜೈವಿಕ ಶೌಚಾಲಯ ಬಂದ ಮೇಲೆ ಹೊಸ ಹಳಿಗಳು ಈ ಕಾಟದಿಂದ ಪಾರಾದವು. ಸಿಗ್ನಲ್ಲಿನ ಬದಲಾವಣೆಯನ್ನೂ ಇಲ್ಲೇ ಹೇಳಬೇಕು. ಹಳಿಯಲ್ಲೇ ವಿದ್ಯುತ್ ಹರಿಯುವ ಟ್ರ್ಯಾಕ್ ಸರ್ಕ್ಯೂಟ್ ಇದ್ದಲ್ಲಿ ಹಳಿ ಪೂರ್ತಿ ತುಂಡಾದರೆ ಬಹಳ ಸಲ ಸಿಗ್ನಲ್ ತಾನೇ ಕೆಂಪಾಗುತ್ತದೆ. ಬೋಗಿಯ ಅಚ್ಚು ಎಣಿಸುವ ಆ್ಯಕ್ಸಲ್ ಕೌಂಟರ್ ಬಂದಲ್ಲಿ ಆ ಉಪಕಾರವಿಲ್ಲ. ಅದು ಚಕ್ರ ಎಣಿಸುತ್ತದೆ, ಹಳಿ ನೋಡುವುದಿಲ್ಲ.

ಹಳಿ ತುಂಡಾಗುವುದು, ಫಿಶ್‌ಪ್ಲೇಟ್ ಕಳಚುವುದು, ಎರಡೂ ಬಗೆಯ ಸೋಲಿಗೆ ಜನ ಬೆಲೆ ತೆತ್ತಿದ್ದಾರೆ. 1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ತುಂಡಾದ ಹಳಿಯಿಂದ ಒಂದು ರೈಲು ಹಳಿ ತಪ್ಪಿತು, ಅದಕ್ಕೆ ಇನ್ನೊಂದು ಬಡಿದು 200ಕ್ಕೂ ಹೆಚ್ಚು ಮಂದಿ ಸತ್ತರು. 2013ರ ಜುಲೈ 12ರಂದು ಫ್ರಾನ್ಸಿನ ಬ್ರೆತಿನ್ಯಿಯಲ್ಲಿ ಬೋಲ್ಟ್ ಕಳಚಿದ ಒಂದು ಫಿಶ್‌ಪ್ಲೇಟ್ ತಿರುಗಿ ನಿಂತು ಏಳು ಜನರ ಪ್ರಾಣ ತೆಗೆಯಿತು.

ನಮ್ಮ ಘಟ್ಟಗಳಲ್ಲಿ ಫಿಶ್‌ಪ್ಲೇಟ್ ಬಹುಕಾಲ ಉಳಿದದ್ದಕ್ಕೂ ಕಾರಣವಿದೆ. 1996ರ ಕೈಪಿಡಿಯ ಪ್ರಕಾರ 440 ಮೀಟರ್ ತ್ರಿಜ್ಯಕ್ಕಿಂತ ತೀಕ್ಷ್ಣ ತಿರುವಿನಲ್ಲಿ ಎಲ್‌ಡಬ್ಲ್ಯುಆರ್ ಹಾಕುವಂತಿರಲಿಲ್ಲ. ಎರಡೂ ಹಳಿ ಸೇರಿ 114 ಟನ್ ಒತ್ತಡವಿದ್ದರೆ, 440 ಮೀಟರ್ ತಿರುವಿನಲ್ಲಿ ಮೀಟರಿಗೆ 260 ಕಿಲೋದಷ್ಟು ಬಲ ಹಳಿಯನ್ನು ಹೊರಕ್ಕೆ ತಳ್ಳುತ್ತದೆ. ತಿರುವು ಬಿಗಿಯಾದಷ್ಟೂ ಅದು ಏರುತ್ತದೆ, ತಡೆಯಬೇಕಾದ್ದು ಜಲ್ಲಿ ಮಾತ್ರ. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವೆ, ಕ್ಯಾಸಲ್‌ರಾಕ್ ಇಳಿಜಾರಿನಲ್ಲಿ ಅಂಥ ತಿರುವುಗಳಿಗೆ ಕೊರತೆಯಿಲ್ಲ.

ಕಣ್ಣಿಗೆ ಕಾಣದ ತಪ್ಪೊಂದು ನಡೆಯುವುದು ದುರಸ್ತಿಯ ಲೆಕ್ಕದಲ್ಲಿ. ಜನವರಿಯ ಬೆಳಗಿನ ಜಾವ ಹಳಿ ತುಂಡಾಗಿ ಬಾಯಿ 30 ಮಿ.ಮೀ. ತೆರೆದುಕೊಂಡಿದೆ ಎನ್ನಿ. 5.5 ಮೀಟರಿನ ಹೊಸ ತುಂಡು ಹಾಕಬೇಕು, ಅದರ ಎರಡು ತುದಿಗೂ 25 ಮಿ.ಮೀ. ಬೆಸುಗೆ. ಹಾಗಾದರೆ ಕತ್ತರಿಸಿ ತೆಗೆಯಬೇಕಾದ ಹಳೆಯ ಉಕ್ಕು 5,550 ಮಿ.ಮೀ. ತೆಗೆದ ಮೇಲೆ ಕಾಣುವ ಖಾಲಿ ಜಾಗ 5,580. ಟೆನ್ಸರ್ ಹಾಕಿ ಆ 30 ಮಿ.ಮೀ. ಎಳೆದು ತಂದು ಬೆಸೆಯಬೇಕು. ಆದರೆ ಬಾಯಿ ತೆರೆದ 30ನ್ನೂ ಅಳತೆಯಲ್ಲಿ ಸೇರಿಸಿಕೊಂಡು 5,520 ಮಾತ್ರ ಕತ್ತರಿಸಿದರೆ ಎಳೆಯುವ ಕೆಲಸವೇ ಇಲ್ಲ, ತುಂಡು ಸಲೀಸಾಗಿ ಕೂರುತ್ತದೆ. ಬ್ಲಾಕ್ ಬೇಗ ಮುಗಿಯುತ್ತದೆ. ಹಳಿಯಲ್ಲಿ ಮಾತ್ರ 30 ಮಿ.ಮೀ. ಉಕ್ಕು ಹೆಚ್ಚಾಗಿ ಉಳಿದಿದೆ. ಅದು ಅಕ್ಕಪಕ್ಕದ 200 ಮೀಟರಿಗೆ ಹಂಚಿಹೋದರೂ ಬಲ ಸೊನ್ನೆಯಿರುವ ತಾಪ 13 ಡಿಗ್ರಿ ಕೆಳಗಿಳಿಯಿತು, ಅಂದರೆ ಮೇ ತಿಂಗಳ ಮಧ್ಯಾಹ್ನಕ್ಕೆ ಆ ಹಳಿಯಲ್ಲಿ ಸುಮಾರು 25 ಟನ್ ಹೆಚ್ಚುವರಿ ಒತ್ತಡ. ಬೇಸಿಗೆಗೆ ಮೊದಲೇ ಆ ಭಾಗದ ಕ್ಲಿಪ್ ಬಿಚ್ಚಿ, ಹಳಿಯನ್ನು ಸಡಿಲಿಸಿ, ಹೆಚ್ಚಿನದ್ದನ್ನು ಕತ್ತರಿಸಿ ಮತ್ತೆ ಬಿಗಿಯಬೇಕು.

ಪ್ರತಿ ಬೆಸುಗೆಯ ಮೇಲೆ ತಿಂಗಳು, ವರ್ಷ, ಬೆಸುಗೆಗಾರನ ಸಂಕೇತ ಒತ್ತಿರುತ್ತದೆ. ಎಲ್‌ಡಬ್ಲ್ಯುಆರ್‌ನ ತುದಿಯಲ್ಲಿ ಅದನ್ನು ಬಿಗಿದ ದಿನ, ಬಿಗಿದ ತಾಪ ಬರೆದಿರುತ್ತದೆ. ಜನವರಿಯಲ್ಲಿ ಎಷ್ಟು ಕತ್ತರಿಸಿದರು, ಎಷ್ಟು ಸೇರಿಸಿದರು ಎಂಬುದು ಆ ಬರಹಗಳಲ್ಲಿ ಇರುವುದಿಲ್ಲ. ಅದಕ್ಕೆ ಸೆಕ್ಷನ್ನಿನ ರಿಜಿಸ್ಟರನ್ನೇ ತೆರೆದು ನೋಡಬೇಕು.