ಎ380 ತಯಾರಿಕೆ ಯಾಕೆ ನಿಂತುಹೋಯಿತು?

2021ರ ಡಿಸೆಂಬರ್ 16ರಂದು ಯುರೋಪಿನ ವಿಮಾನ ತಯಾರಿಕಾ ಕಂಪನಿ ಏರ್‌ಬಸ್ ತನ್ನ ಕೊನೆಯ ಎ380 ವಿಮಾನವನ್ನು ದುಬೈನ ವಿಮಾನಯಾನ ಕಂಪನಿ ಎಮಿರೇಟ್ಸ್‌ಗೆ ಒಪ್ಪಿಸಿತು. ಗಿರಾಕಿಗಳ ಕೈಸೇರಿದ್ದು ಒಟ್ಟು 251. ಅದರಲ್ಲಿ 123 ಎಮಿರೇಟ್ಸ್ ಒಂದರ ಪಾಲು, ಅಂದರೆ ಹೆಚ್ಚುಕಡಿಮೆ ಅರ್ಧ. ಎರಡು ಮಹಡಿ, ನಾಲ್ಕು ಎಂಜಿನ್, 853 ಜನರನ್ನು ಕೂರಿಸಲು ಅನುಮತಿ, ಒಳಗೆ ಕೂತವರಿಗೆ ಸದ್ದೂ ಕಡಿಮೆ. ಇಂಥ ವಿಮಾನ ಮೊದಲ ಗಿರಾಕಿ ಸಿಂಗಪುರ್ ಏರ್‌ಲೈನ್ಸ್‌ಗೆ ಸಿಕ್ಕಿದ 14 ವರ್ಷಕ್ಕೇ ನಿಂತುಹೋಗಿದ್ದು ಬೇಜಾರಿನ ಸಂಗತಿ. ವಿಮಾನವೇ ಸರಿಯಿರಲಿಲ್ಲ ಎಂದು ಸುಮ್ನೆ ಹೇಳಿಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದನ್ನು ಮುಂದೆ ಬರಬೇಕಿದ್ದ ಇನ್ನೂ ದೊಡ್ಡ ವಿಮಾನದ ಲೆಕ್ಕದಲ್ಲಿ ಕಟ್ಟಿದರು, ಆ ದೊಡ್ಡ ವಿಮಾನ ಬರಲೇ ಇಲ್ಲ.

1990ರ ದಶಕದಲ್ಲಿ ಅತಿ ದೊಡ್ಡ ವಿಮಾನ ಅಂದರೆ ಬೋಯಿಂಗ್ 747 ಒಂದೇ. ಲಂಡನ್ನಿನ ಹೀಥ್ರೂನಂಥ ನಿಲ್ದಾಣಗಳಲ್ಲಿ ಹೊಸ ವಿಮಾನ ಇಳಿಸಲು ಸಮಯವೇ ಸಿಗುತ್ತಿರಲಿಲ್ಲ. ಹಾಗಿದ್ದರೆ ಒಂದೇ ಸಲಕ್ಕೆ ಜಾಸ್ತಿ ಜನರನ್ನು ಒಯ್ಯಬೇಕು, ಇದು ಏರ್‌ಬಸ್‌ನ ಲೆಕ್ಕ. 20 ವರ್ಷಗಳಲ್ಲಿ ಇಂಥ ಸುಮಾರು 1,200 ವಿಮಾನ ಬೇಕಾಗುತ್ತವೆ ಎಂದು ಅಂದಾಜು ಮಾಡಿ, 2000ದ ಡಿಸೆಂಬರ್‌ನಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟರು. ಬೋಯಿಂಗ್ ಬೇರೆ ದಾರಿ ಹಿಡಿಯಿತು. ಜನರಿಗೆ ನಡುವೆ ವಿಮಾನ ಬದಲಿಸುವುದು ಬೇಡ, ತಮ್ಮೂರಿಂದ ನೇರ ಹೋಗುವುದೇ ಬೇಕು ಎಂದು ಅದು ನಂಬಿತ್ತು.

ಈಗ ರೆಕ್ಕೆಯ ವಿಷಯಕ್ಕೆ ಬರೋಣ. ದೊಡ್ಡ ನಿಲ್ದಾಣಗಳಲ್ಲಿ ವಿಮಾನಕ್ಕೆ ಸಿಗುವ ಜಾಗ 80 ಮೀಟರ್ ಅಗಲ, 80 ಮೀಟರ್ ಉದ್ದ. ಆದ್ದರಿಂದ ಎ380ಯ ರೆಕ್ಕೆ ಈ ತುದಿಯಿಂದ ಆ ತುದಿಗೆ 79.8 ಮೀಟರಿಗೆ ನಿಂತಿತು. ಆದರೆ ಅದೇ ರೆಕ್ಕೆ ಮುಂದೆ ಬರಲಿರುವ ಎ380-900 ಎಂಬ ಉದ್ದನೆಯ ಮಾದರಿಯನ್ನೂ ಎತ್ತಬೇಕಿತ್ತು. ರೆಕ್ಕೆಯನ್ನು ಉದ್ದಕ್ಕೆ ಬೆಳೆಸಲು ಜಾಗವಿಲ್ಲದ ಮೇಲೆ ಅಗಲಕ್ಕೆ ಬೆಳೆಸಬೇಕಾಯಿತು, ಕೊನೆಗೆ ರೆಕ್ಕೆಯ ವಿಸ್ತಾರ 845 ಚದರ ಮೀಟರ್ ಮುಟ್ಟಿತು. ಉದ್ದವಾಗಿ ತೆಳ್ಳಗಿರುವ ರೆಕ್ಕೆಗೆ ಗಾಳಿಯ ಎಳೆತ ಕಡಿಮೆ, ಇಂಧನವೂ ಉಳಿಯುತ್ತದೆ. ಗಿಡ್ಡವಾಗಿ ಅಗಲವಾಗಿರುವುದಕ್ಕೆ ಆ ಲಾಭ ಇಲ್ಲ. ಮಾರಾಟವಾದ ಪ್ರತಿಯೊಂದು ಎ380ಯೂ ತನಗೆ ಬೇಕಿದ್ದಕ್ಕಿಂತ ದೊಡ್ಡ ರೆಕ್ಕೆಯ ಭಾರ ಹೊತ್ತೇ ಹಾರಿತು.

ತಯಾರಿಕೆಯೂ ಸುಲಭ ಇರಲಿಲ್ಲ. ರೆಕ್ಕೆ ವೇಲ್ಸ್‌ನಲ್ಲಿ, ಒಡಲಿನ ಭಾಗಗಳು ಜರ್ಮನಿಯ ಹ್ಯಾಂಬರ್ಗ್ ಮತ್ತು ಫ್ರಾನ್ಸ್‌ನ ಸೇಂಟ್ ನಜೇರ್‌ನಲ್ಲಿ, ಬಾಲದ ರೆಕ್ಕೆ ಸ್ಪೇನ್‌ನಲ್ಲಿ. ಇವೆಲ್ಲ ಹಡಗಿನಲ್ಲಿ ಬಂದು, ಗರೋನ್ ನದಿಯಲ್ಲಿ ದೋಣಿ ಹತ್ತಿ, ಆಮೇಲೆ ರಾತ್ರಿ ಹೊತ್ತು ಹಳ್ಳಿಗಳ ನಡುವೆ ಲಾರಿಯಲ್ಲಿ ಟುಲೂಸ್ ಸೇರಬೇಕಿತ್ತು. ಅಲ್ಲಿ ಜೋಡಿಸಲು ಹೋದಾಗ ವೈರುಗಳು ಗಿಡ್ಡವಾದವು! ಒಂದು ವಿಮಾನದಲ್ಲಿ 500 ಕಿಲೋಮೀಟರಿಗೂ ಹೆಚ್ಚು ವೈರಿದೆ. ಹ್ಯಾಂಬರ್ಗ್‌ನವರು ವಿನ್ಯಾಸದ ಸಾಫ್ಟ್‌ವೇರಿನ ಹಳೆಯ ಆವೃತ್ತಿ ಬಳಸುತ್ತಿದ್ದರು, ಟುಲೂಸ್‌ನವರು ಹೊಸದನ್ನು. ಎರಡರ ಲೆಕ್ಕ ಕೂಡಿಬರಲಿಲ್ಲ. ಮೊದಲ ವಿಮಾನಗಳ ವೈರನ್ನು ಕೈಯಿಂದಲೇ ಮತ್ತೆ ಎಳೆಯಬೇಕಾಯಿತು, ಸುಮಾರು ಎರಡು ವರ್ಷ ತಡವಾಯಿತು. ಕಾದು ಸಾಕಾದ ಫೆಡ್‌ಎಕ್ಸ್ ಮತ್ತು ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಗಳು ಸರಕು ಸಾಗಣೆಯ ಎ380 ಬೇಡ ಎಂದವು. ಆ ಮಾದರಿ ಅಲ್ಲಿಗೇ ಮುಗಿಯಿತು.

ಇಷ್ಟರಲ್ಲಿ ಹಾರಾಟದ ನಿಯಮಗಳೂ ಬದಲಾಗಿದ್ದವು. ಒಂದು ಕಾಲಕ್ಕೆ ಎರಡೇ ಎಂಜಿನ್ ಇರುವ ವಿಮಾನ ನಿಲ್ದಾಣಗಳಿಂದ ಬಹಳ ದೂರ, ಸಾಗರದ ನಡುವೆ ಹಾರುವಂತಿರಲಿಲ್ಲ. 1985ರಿಂದ ಆ ಮಿತಿ ಸಡಿಲವಾಗುತ್ತಾ ಬಂತು. ಬೋಯಿಂಗ್ 777 ಎರಡೇ ಎಂಜಿನ್‌ನಲ್ಲಿ ಸಾಗರಗಳನ್ನು ದಾಟುತ್ತಿತ್ತು, ಎ380 ಮೊದಲ ಬಾರಿ ಹಾರುವ ಒಂದು ವರ್ಷ ಮೊದಲೇ ಎರಡೇ ಎಂಜಿನ್‌ನ ಬೋಯಿಂಗ್ 787 ಯೋಜನೆಯೂ ಶುರುವಾಗಿತ್ತು. ನಾಲ್ಕು ಎಂಜಿನ್ ಅಂದರೆ ನಾಲ್ಕರ ರಿಪೇರಿ ಖರ್ಚು. ದಿನವೂ 500 ಸೀಟು ತುಂಬಿಸುವುದೂ ಎಲ್ಲ ಕಂಪನಿಗಳ ಕೈಲಾಗುವ ಕೆಲಸವಲ್ಲ. ಸೀಟು ಖಾಲಿ ಹೋದರೆ ಉಳಿತಾಯದ ಲೆಕ್ಕವೆಲ್ಲ ತಲೆಕೆಳಗು.

ಗಟ್ಟಿತನದಲ್ಲಿ ಮಾತ್ರ ಎ380ಯನ್ನು ಬೆರಳು ತೋರಿಸಿ ದೂರುವಂತಿಲ್ಲ. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ, ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿಯ ಎ380ಯ ಒಂದು ಎಂಜಿನ್ ಸಿಡಿದು, ಚೂರುಗಳು ರೆಕ್ಕೆಯನ್ನು ತೂರಿ ಹೋದವು. ಒಳಗಿದ್ದ 469 ಜನರೂ ಸುರಕ್ಷಿತವಾಗಿ ಇಳಿದರು.

ನಮ್ಮ ಬೆಂಗಳೂರಿನ ಕಿಂಗ್‌ಫಿಶರ್ ಏರ್‌ಲೈನ್ಸ್ ಕೂಡ 2005ರಲ್ಲೇ ಐದು ಎ380ಗಳಿಗೆ ಆರ್ಡರ್ ಕೊಟ್ಟಿತ್ತು. ಒಂದೂ ಬರಲಿಲ್ಲ. ಭಾರತಕ್ಕೆ ಈ ವಿಮಾನದಲ್ಲಿ ಬರಲು ವಿದೇಶಿ ಕಂಪನಿಗಳಿಗೆ ಅನುಮತಿ ಸಿಕ್ಕಿದ್ದೇ 2014ರಲ್ಲಿ. ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಸೇವೆ ಶುರುವಾಗಿದ್ದು 2022ರ ಅಕ್ಟೋಬರ್‌ನಲ್ಲಿ, ಅಷ್ಟು ಹೊತ್ತಿಗೆ ತಯಾರಿಕೆಯೇ ನಿಂತಿತ್ತು.

2019ರ ಫೆಬ್ರವರಿಯಲ್ಲಿ ಎಮಿರೇಟ್ಸ್ ತನ್ನ ಆರ್ಡರನ್ನು 39 ವಿಮಾನಗಳಷ್ಟು ಕಡಿಮೆ ಮಾಡಿದಾಗ ಏರ್‌ಬಸ್ ಕೈಚೆಲ್ಲಿತು. ಕೋವಿಡ್ ಬಂದಾಗ ಏರ್ ಫ್ರಾನ್ಸ್ ತನ್ನ ಎ380ಗಳನ್ನು ಪೂರ್ತಿ ಕೈಬಿಟ್ಟಿತು. ಆದರೆ ಜನ ಮತ್ತೆ ಪ್ರಯಾಣ ಶುರುಮಾಡಿದರು, 2020ಕ್ಕೆ ಬರಬೇಕಿದ್ದ ಬೋಯಿಂಗ್ 777ಎಕ್ಸ್ ಎಂಬ ಹೊಸ ದೊಡ್ಡ ವಿಮಾನ ವರ್ಷಗಟ್ಟಲೆ ತಡವಾಯಿತು. ಆಗ ಲುಫ್ತಾನ್ಸಾ, ಎತಿಹಾದ್‌ನಂಥ ಕಂಪನಿಗಳು ಮೂಲೆಗೆ ನಿಲ್ಲಿಸಿದ್ದ ಎ380ಗಳನ್ನೇ ಮತ್ತೆ ಹೊರತೆಗೆದವು. ಎಮಿರೇಟ್ಸ್ ಅಂತೂ ಒಳಾಂಗಣವನ್ನೆಲ್ಲ ಹೊಸದು ಮಾಡಿಸಿ ಇನ್ನೂ ಹಾರಿಸುತ್ತಿದೆ.