ಪಿ0171: ಸೆನ್ಸರ್ ಹೇಳಿದ್ದು ನಿಜವೇ ಆಗಿತ್ತು

ಮೇ ತಿಂಗಳ ಒಂದು ಮಧ್ಯಾಹ್ನ ಸೇಡಂ ಕಡೆಯಿಂದ ಕಲಬುರಗಿಗೆ ಬರುತ್ತಿದ್ದಾಗ ನನ್ನ ಹತ್ತು ವರ್ಷದ ಪೆಟ್ರೋಲ್ ಕಾರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡಿತು. ಓಡುವಾಗ ತೊಂದರೆಯಿಲ್ಲ, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಅದುರುತ್ತಿತ್ತು. ಮೊದಲು ಹೋದ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದರು, ಪಿ0171 ಎಂಬ ದೋಷದ ಕೋಡ್ ಬಂತು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗುರುತಿಸುವ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದು ಹೊಸದನ್ನು ಹಾಕಿ ಕೋಡ್ ಅಳಿಸಿದರು. ಮೂರನೆಯ ದಿನ ದೀಪ ಮತ್ತೆ ಹೊತ್ತಿತು.

ಈ ಕೋಡುಗಳಿಗೊಂದು ವ್ಯಾಕರಣವಿದೆ. ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದ ಅವು ಕಡ್ಡಾಯವಾದವು. 'ಪಿ' ಎಂದರೆ ದೋಷ ಎಂಜಿನ್ ಅಥವಾ ಗೇರ್‌ಬಾಕ್ಸಿನದು. ಮುಂದಿನ ಸೊನ್ನೆ, ಈ ಕೋಡಿಗೆ ಎಲ್ಲ ಕಂಪನಿಗಳಲ್ಲೂ ಒಂದೇ ಅರ್ಥ ಎಂಬುದರ ಗುರುತು. ಅದರಾಚೆಯ 1 ಗಾಳಿ ಮತ್ತು ಇಂಧನದ ಅಳತೆಯ ವಿಭಾಗ. ಒಟ್ಟಿನಲ್ಲಿ ಪಿ0171 ಹೇಳುವುದಿಷ್ಟು: ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ. ಯಾವ ಭಾಗ ಕೆಟ್ಟಿದೆ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಕೋಡ್ ಒಂದು ದೂರು ಮಾತ್ರ. ತನಿಖೆ ನಡೆಸಬೇಕಾದವರು ನಾವು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿ ಆಮ್ಲಜನಕ ಹೆಚ್ಚು ಉಳಿದರೆ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್ 0.1ರ ಹತ್ತಿರಕ್ಕೆ ಇಳಿಯುತ್ತದೆ, ಪೆಟ್ರೋಲ್ ಹೆಚ್ಚಾದರೆ 0.9ರತ್ತ ಏರುತ್ತದೆ. ಅದನ್ನು ನೋಡಿಕೊಂಡು ಕಾರಿನ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಈ ತಿದ್ದುಪಡಿಯ ಹೆಸರು ಫ್ಯೂಯಲ್ ಟ್ರಿಮ್, ಅಳತೆ ಶೇಕಡಾ ಲೆಕ್ಕದಲ್ಲಿ. ಎಷ್ಟು ಸೇರಿಸಿದರೂ ಸಾಲದೆ ಮಿತಿ ದಾಟಿದಾಗಲೇ ದೀಪ ಹೊತ್ತುವುದು. ನನ್ನ ಕಾರಿನ ಹಳೆಯ ಸೆನ್ಸರ್ ಕಂಡದ್ದನ್ನು ಕಂಡಂತೆ ಹೇಳಿತ್ತು. ಅದನ್ನು ಕಿತ್ತು ಎಸೆದದ್ದು ಅನ್ಯಾಯ ಎಂದೇ ಈಗಲೂ ನನಗನ್ನಿಸುತ್ತದೆ.

ರಿಂಗ್ ರಸ್ತೆಯ ಪಕ್ಕದ ಎರಡನೆಯ ಗ್ಯಾರೇಜಿನ ಮಿಸ್ತ್ರಿ ಕೋಡ್ ಅಳಿಸಲು ಒಪ್ಪಲಿಲ್ಲ. ದೋಷ ದಾಖಲಾದ ಗಳಿಗೆಯ ಎಂಜಿನ್ ವೇಗ, ಬಿಸಿ, ಹೊರೆ ಎಲ್ಲವೂ ಕಂಪ್ಯೂಟರಿನಲ್ಲಿ ಉಳಿದಿರುತ್ತವೆ, ಅಳಿಸಿದರೆ ಅವೂ ಹೋಗುತ್ತವೆ. ಅವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಅವರು ಟ್ರಿಮ್ ನೋಡಿದರು. ನಿಂತ ಕಾರಿನಲ್ಲಿ ಅದು ಶೇಕಡಾ 22; ಆಕ್ಸಲರೇಟರ್ ಒತ್ತಿ ಎಂಜಿನ್ನನ್ನು ನಿಮಿಷಕ್ಕೆ 2500 ಸುತ್ತಿಗೆ ಏರಿಸಿದಾಗ 5.

ಗುಟ್ಟು ಆ ಎರಡು ಅಂಕಿಗಳಲ್ಲಿತ್ತು. ಪೆಟ್ರೋಲ್ ಪಂಪು ಸೊರಗಿದ್ದರೆ ಕೊರತೆ ಹೊರೆಯೊಂದಿಗೆ ಬೆಳೆಯಬೇಕಿತ್ತು. ಗಾಳಿ ಅಳೆಯುವ ಸೆನ್ಸರಿಗೆ ದೂಳು ಕೂತಿದ್ದರೂ ಸಾಮಾನ್ಯವಾಗಿ ಹಾಗೆಯೇ. ಸುಣ್ಣದ ಕಲ್ಲಿನ ಲಾರಿಗಳು ಓಡಾಡುವ ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಈ ದೂಳನ್ನೇ. ಏರ್ ಫಿಲ್ಟರ್ ಸರಿಯಾಗಿ ಕೂರದಿದ್ದರೆ ಅದು ನೇರವಾಗಿ ಸೆನ್ಸರಿಗೆ ಮೆತ್ತಿಕೊಳ್ಳುತ್ತದೆ. ಇಲ್ಲಿ ಮಾತ್ರ ಲೆಕ್ಕ ತಿರುಗುಮುರುಗಾಗಿತ್ತು. ಎಂಜಿನ್ ಸುಮ್ಮನೆ ತಿರುಗುವಾಗ ಒಳಗಿನ ಹೀರುವಿಕೆ ಜೋರು, ಬೇಕಾದ ಗಾಳಿ ಅತ್ಯಲ್ಪ. ಆಗ ಒಂದು ಸಣ್ಣ ಸೀಳಿನಿಂದ ನುಸುಳುವ, ಅಳತೆಗೆ ಸಿಗದ ಗಾಳಿಯೂ ದೊಡ್ಡ ಪಾಲಾಗುತ್ತದೆ. ವೇಗ ಏರಿದಂತೆ ಅದು ಒಟ್ಟು ಗಾಳಿಯಲ್ಲಿ ಕರಗಿಹೋಗುತ್ತದೆ.

ಮಿಸ್ತ್ರಿ ಒಂದು ರಬ್ಬರ್ ಕೊಳವೆಯ ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಸುತ್ತ ನಿಧಾನವಾಗಿ ಆಡಿಸಿದರು. ಹಿಂಬದಿಯಲ್ಲಿ ಬೆರಳುಗಾತ್ರದ ಹೋಸ್ ಒಂದು ಬಾಗುವ ಕಡೆ ಕೈ ನಿಂತಿತು. "ಇಲ್ಲಿ ಕೇಳಿ ಸರ್" ಎಂದು ಕೊಳವೆಯನ್ನು ನನಗೆ ಕೊಟ್ಟರು. ಸಣ್ಣಗೆ, ಬಿಡದೆ, ಸುಸ್ ಎನ್ನುತ್ತಿತ್ತು. ಅವರು ಅಲ್ಲಿ ಹೆಬ್ಬೆರಳು ಒತ್ತಿದರು. ಅದುರು ನಿಂತಿತು, ಸ್ಕ್ಯಾನರಿನಲ್ಲಿ 22 ಇಳಿಯುತ್ತ 18, 11, 6ಕ್ಕೆ ಬಂತು. ಬೆರಳು ತೆಗೆದರೆ ಮತ್ತೆ ಏರಿಕೆ.

ಹೊಸ ಹೋಸ್ ಹಾಕಿದ ಮೇಲೆ ಹಳೆಯದನ್ನು ನನ್ನ ಕೈಗಿಟ್ಟರು. ವರ್ಷಗಳ ಬಿಸಿಗೆ ರಬ್ಬರ್ ಗಟ್ಟಿಯಾಗಿತ್ತು. ನೇರವಾಗಿ ಹಿಡಿದರೆ ಏನೂ ಕಾಣದು. ಬಾಗಿಸಿದಾಗ ಮಾತ್ರ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯುತ್ತಿತ್ತು.