ರಾಜೀವ್ ಚಂದ್ರಶೇಖರ್ ಅವರನ್ನು ರಾಜ್ಯಸಭೆಗೆ 'ನೇಮಿಸಿದ್ದು' ಯಾರು?

ಪ್ರಶ್ನೆ: ಮೊಬೈಲ್ ಕಂಪನಿ ನಡೆಸುತ್ತಿದ್ದ ರಾಜೀವ್ ಚಂದ್ರಶೇಖರ್ ಅವರನ್ನು ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡಿದ್ದಲ್ಲವೇ? ಇಲ್ಲದಿದ್ದರೆ ಜನರ ಓಟಿಲ್ಲದೆ 18 ವರ್ಷ ಸಂಸದರಾಗಿದ್ದು ಹೇಗೆ?

ಉತ್ತರ: ಅಲ್ಲ. ಎಷ್ಟು ಸಲ ಕೇಳಿದರೂ ಉತ್ತರ ಅದೇ. ಮಣಿಪಾಲದಲ್ಲಿ ಎಂಜಿನಿಯರಿಂಗ್, ಅಮೆರಿಕದಲ್ಲಿ ಇಂಟೆಲ್ ಕೆಲಸ, 1994ರಲ್ಲಿ ಬಿಪಿಎಲ್ ಮೊಬೈಲ್, 2005ರಲ್ಲಿ ಅದರ ಮಾರಾಟ, ಮರುವರ್ಷವೇ ರಾಜ್ಯಸಭೆ: ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಕೊನೆಯ ಮೆಟ್ಟಿಲಲ್ಲಿ. 'ನಾಮಪತ್ರ ಸಲ್ಲಿಸಿದರು' ಎಂಬ ಸುದ್ದಿಯನ್ನೇ ನಾಮನಿರ್ದೇಶನ ಎಂದು ಓದಿಕೊಂಡರೆ ಹೀಗೇ ಆಗುವುದು.

ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುವುದು 12 ಮಂದಿಯನ್ನು ಮಾತ್ರ. ಸಂವಿಧಾನದ 80ನೇ ವಿಧಿ ಅದಕ್ಕೆ ಹೇಳುವ ಕ್ಷೇತ್ರಗಳು ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ. ವ್ಯಾಪಾರ ಆ ಪಟ್ಟಿಯಲ್ಲೇ ಇಲ್ಲ. 2022ರಲ್ಲಿ ವೀರೇಂದ್ರ ಹೆಗ್ಗಡೆ, 2024ರಲ್ಲಿ ಸುಧಾ ಮೂರ್ತಿ ಹೋದದ್ದು ಈ ಬಾಗಿಲಿಂದ. ಇಬ್ಬರೂ ನಮ್ಮವರೇ ಆದರೂ ಕರ್ನಾಟಕದ 12 ಸ್ಥಾನಗಳ ಲೆಕ್ಕಕ್ಕೆ ಸೇರುವುದಿಲ್ಲ. (ಎರಡೂ ಕಡೆ 12 ಇರುವುದು ಬರೀ ಕಾಕತಾಳೀಯ; ಗೊಂದಲಕ್ಕೆ ಅದೂ ತುಪ್ಪ ಸುರಿದಿದೆ.)

ಚಂದ್ರಶೇಖರ್ ಗೆದ್ದದ್ದು ಶಾಸಕರ ಓಟಿನಿಂದ, 2006 ಮತ್ತು 2012ರಲ್ಲಿ ಪಕ್ಷೇತರರಾಗಿ, 2018ರಲ್ಲಿ ಬಿಜೆಪಿಯಿಂದ. ಪಕ್ಷೇತರರಿಗೆ 45 ಓಟು ಎಲ್ಲಿಂದ ಬಂತು ಎನ್ನುತ್ತೀರಾ? ಲೆಕ್ಕ ಮಾಡಿ. 224 ಶಾಸಕರು, ಒಂದು ಓಟಿನ ಮೌಲ್ಯ 100, ಒಟ್ಟು 22,400. ನಾಲ್ಕು ಸ್ಥಾನ ಖಾಲಿಯಿದ್ದರೆ ಸ್ಥಾನಕ್ಕಿಂತ ಒಂದು ಹೆಚ್ಚು, ಅಂದರೆ ಐದರಿಂದ ಭಾಗಿಸಿ, ಬಂದದ್ದಕ್ಕೆ ಒಂದು ಕೂಡಿಸಬೇಕು: 4,481. ಅಂದರೆ 45 ಮೊದಲ ಪ್ರಾಶಸ್ತ್ಯದ ಓಟು. ನಾಲ್ಕರಿಂದ ಭಾಗಿಸಿ 56 ಎನ್ನುವವರು ಇಲ್ಲೇ ತಪ್ಪುತ್ತಾರೆ. ಇನ್ನು 2004ರ ವಿಧಾನಸಭೆ ನೋಡಿ: ಬಿಜೆಪಿ 79, ಕಾಂಗ್ರೆಸ್ 65, ಜೆಡಿಎಸ್ 58. ಮೂವರೂ ಒಂದೊಂದು ಸ್ಥಾನ ಗೆದ್ದ ಮೇಲೆ ಬಿಜೆಪಿಯಲ್ಲಿ 34, ಜೆಡಿಎಸ್‌ನಲ್ಲಿ 13 ಓಟು ಮಿಗುತ್ತವೆ. ಕೂಡಿಸಿದರೆ 47. 2006ರಲ್ಲಿ ಈ ಎರಡೂ ಪಕ್ಷ ಅವರ ಬೆನ್ನಿಗಿದ್ದವು. ನಾಲ್ಕನೇ ಸ್ಥಾನದ ಗುಟ್ಟು ಯಾವಾಗಲೂ ಇಂಥ ಮಿಕ್ಕ ಓಟುಗಳಲ್ಲೇ ಇರುತ್ತದೆ. ವಿಜಯ್ ಮಲ್ಯ 2002 ಮತ್ತು 2010ರಲ್ಲಿ ಪಕ್ಷೇತರರಾಗಿಯೇ ಗೆದ್ದದ್ದೂ ಇದೇ ಕರ್ನಾಟಕದಿಂದ.

ಗುಪ್ತ ಮತದಾನವಲ್ಲವೇ, ಯಾರಿಗೆ ಬೇಕಾದರೂ ಹಾಕಬಹುದಲ್ಲ ಎಂಬುದು ಇನ್ನೊಂದು ತಪ್ಪು. 2003ರಿಂದ ಅದು ಬಹಿರಂಗ ಮತದಾನ. ಶಾಸಕರು ಚುನಾವಣಾ ಆಯೋಗ ಕೊಟ್ಟ ನೇರಳೆ ಪೆನ್ನಿನಿಂದ ಹೆಸರಿನ ಮುಂದೆ ಅಂಕೆಯಲ್ಲಿ 1 ಬರೆಯಬೇಕು. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಓಟು ಕುಲಗೆಟ್ಟಿತು. ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗೆ ಮಾತ್ರ ತೋರಿಸಬೇಕು. 2017ರಲ್ಲಿ ಗುಜರಾತಿನ ಇಬ್ಬರು ಕಾಂಗ್ರೆಸ್ ಶಾಸಕರು ಬೇರೆಯವರಿಗೂ ತೋರಿಸಿ ಓಟು ಕಳೆದುಕೊಂಡರು, ಕಾಂಗ್ರೆಸ್ ಅಭ್ಯರ್ಥಿ ಅಹ್ಮದ್ ಪಟೇಲ್ ಗೆದ್ದರು.

ಈಗ ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ: ಪಕ್ಷೇತರರಾಗಿ ಗೆದ್ದವರು ನಡುವೆ ಪಕ್ಷ ಸೇರಬಹುದೇ? ಕೂಡದು. ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ನಿಷೇಧದ ನಿಯಮ) ಪ್ರಕಾರ ಸದಸ್ಯತ್ವವೇ ಹೋಗುತ್ತದೆ. ನಾಮನಿರ್ದೇಶಿತರಿಗಾದರೆ ಸದನದಲ್ಲಿ ಸ್ಥಾನ ವಹಿಸಿಕೊಂಡ ಮೇಲೆ ಪಕ್ಷ ಸೇರಲು ಆರು ತಿಂಗಳ ಅವಕಾಶವಿದೆ. ಎರಡು ಬಾಗಿಲುಗಳ ವ್ಯತ್ಯಾಸಕ್ಕೆ ನಿಜವಾದ ಬೆಲೆ ಬರುವುದು ಇಲ್ಲಿ. 2016ರಲ್ಲಿ ಚಂದ್ರಶೇಖರ್ ಕೇರಳ ಎನ್‌ಡಿಎ ಉಪಾಧ್ಯಕ್ಷರಾದರು. ಅದು ಮೈತ್ರಿಕೂಟ, ಪಕ್ಷವಲ್ಲ. ಬಿಜೆಪಿ ಅಭ್ಯರ್ಥಿಯಾಗಿ ನಾಮಪತ್ರ ಹಾಕಿದ್ದು 2018ರಲ್ಲಿ, ಎರಡನೇ ಅವಧಿ ಮುಗಿಯುವ ಹೊತ್ತಿಗೆ. 2021ರಲ್ಲಿ ಕೇಂದ್ರದಲ್ಲಿ ರಾಜ್ಯ ಸಚಿವರೂ ಆದರು. ಜನರ ಮುಂದೆ ನೇರ ಓಟು ಕೇಳಿದ್ದು 2024ರಲ್ಲಿ, ತಿರುವನಂತಪುರದಲ್ಲಿ. ಅಲ್ಲಿ ಶಶಿ ತರೂರ್ ಎದುರು 16,077 ಮತಗಳಿಂದ ಸೋತರು.